ಒಂದು ಸಂಜೆಯ ಪಾರ್ಕಿಂಗ್ ದುಡ್ಡು: ಕನ್ನಡ ಶಾಲೆಯ ಮನವಿ

ಕ್ಲೀವ್‌ಲ್ಯಾಂಡ್ ಸುತ್ತಮುತ್ತಲಿನ ಕನ್ನಡ ಬಂಧುಗಳಿಗೆ ನಮಸ್ಕಾರ.

ನಮ್ಮ ಭಾನುವಾರದ ಕನ್ನಡ ಶಾಲೆ ಇದುವರೆಗೆ ನಿಮ್ಮ ಮುಂದೆ ಕೈಯೊಡ್ಡಿದ್ದೆಲ್ಲ ಪುಸ್ತಕಕ್ಕೆ, ಬಾಡಿಗೆ ಕೋಣೆಗೆ, ಹಬ್ಬದ ಊಟಕ್ಕೆ. ಈ ಸಲ ಕೇಳುತ್ತಿರುವುದು ನಮಗಾಗಿ ಅಲ್ಲ. ಯೂಕ್ಲಿಡ್ ಅವೆನ್ಯೂದಲ್ಲಿ ನೂರು ವರ್ಷ ದಾಟಿ ನಿಂತಿರುವ ಪ್ಯಾಲೇಸ್ ಥಿಯೇಟರಿಗಾಗಿ, ಮತ್ತು ಅದರ ಒಡಹುಟ್ಟುಗಳಾದ ಸ್ಟೇಟ್, ಒಹಾಯೊ, ಆ್ಯಲನ್, ಹ್ಯಾನಾ ಥಿಯೇಟರುಗಳಿಗಾಗಿ.

ಪ್ಯಾಲೇಸ್ ಬಾಗಿಲು ತೆರೆದದ್ದು 1922ರ ನವೆಂಬರ್ 6ರಂದು. ವಾಡೆವಿಲ್ ಲೋಕದ ದೊರೆಯಂತಿದ್ದ ಬಿ.ಎಫ್. ಕೀತ್ ತೀರಿಕೊಂಡ ಮೇಲೆ ಅವರ ನೆನಪಿಗೆಂದು ಪಾಲುದಾರ ಎಡ್ವರ್ಡ್ ಆಲ್ಬಿ ಇದನ್ನು ಕಟ್ಟಿಸಿದರು. ಕೆಲಸಕ್ಕೆ ಕರೆಸಿದ್ದು ಷಿಕಾಗೋದ ವಾಸ್ತುಶಿಲ್ಪಿಗಳಾದ ರ‍್ಯಾಪ್ ಸೋದರರನ್ನು. ಅಮೃತಶಿಲೆ, ಸ್ಫಟಿಕದ ಗೊಂಚಲುದೀಪ, ಅರಮನೆಯಂಥ ನಡುಮನೆ. ಆಟ ಶುರುವಾಗುವ ಮೊದಲೇ ಕೊಟ್ಟ ಟಿಕೆಟ್ ದುಡ್ಡು ಸಂದುಹೋಯಿತು ಎನ್ನಿಸಬೇಕು, ಹಾಗೆ ಕಟ್ಟಿದ್ದಾರೆ.

ವಾಡೆವಿಲ್ ಎಂದರೆ ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ದೊಂಬರಾಟ, ಮಾತಿನ ಮಲ್ಲರ ಹಾಸ್ಯ, ಪಳಗಿದ ನಾಯಿಗಳ ಆಟ, ಎಲ್ಲವೂ ಒಂದರ ಹಿಂದೊಂದು. ಕಥೆಯ ಹಂಗಿಲ್ಲ. ನಮ್ಮ ಕಂಪನಿ ನಾಟಕಗಳಿಗೆ ಕಥೆ ಬೇಕಿತ್ತು, ಆದರೆ ನೋಡುವವರ ಕಣ್ಣು ತುಂಬಿಸುವ ಹಟ ಎರಡಕ್ಕೂ ಒಂದೇ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ಹತ್ತಿಸಿದ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತು. ಕೀತ್ ಅವರ ರಂಗದ ಮೇಲೆ ಪೋಲಿ ಮಾತಿಗೆ ಕಟ್ಟುನಿಟ್ಟಿನ ನಿಷೇಧವಿತ್ತು. ಅದಕ್ಕಾಗಿ ನಟರು ಅವರ ಥಿಯೇಟರುಗಳ ಸರಣಿಗೆ ‘ಭಾನುವಾರದ ಶಾಲೆ’ ಎಂದೇ ಅಡ್ಡಹೆಸರಿಟ್ಟಿದ್ದರು. ಆ ಲೆಕ್ಕದಲ್ಲಿ ನಾವು ದಾಯಾದಿಗಳು.

ಮಾತನಾಡುವ ಸಿನಿಮಾ ಬಂದ ಮೇಲೆ ವಾಡೆವಿಲ್ ಬಾಳಲಿಲ್ಲ. ಪ್ಯಾಲೇಸ್ ಚಿತ್ರಮಂದಿರವಾಯಿತು. ಆಮೇಲೆ ಟಿ.ವಿ. ಬಂತು, ಜನ ಊರ ನಡುವಿನಿಂದ ಹೊರವಲಯಕ್ಕೆ ಮನೆ ಬದಲಿಸಿದರು. 1968ರ ಮೇ ತಿಂಗಳಿನಿಂದ 1969ರ ಜುಲೈ ನಡುವೆ ಹ್ಯಾನಾ ಒಂದನ್ನು ಬಿಟ್ಟು ಉಳಿದ ನಾಲ್ಕೂ ಬಾಗಿಲು ಹಾಕಿದವು.

ಇಲ್ಲಿಂದ ಮುಂದಿನದನ್ನು ನಾನು ಮಕ್ಕಳಿಗೆ ಹೇಳುವಾಗ ತರಗತಿ ಸದ್ದಿಲ್ಲದೆ ಕೇಳುತ್ತದೆ. ರೇ ಶೆಪರ್ಡ್‌ಸನ್ ಎಂಬ ಯುವಕ ಕ್ಲೀವ್‌ಲ್ಯಾಂಡ್ ಶಾಲಾ ಮಂಡಳಿಯ ನೌಕರ. ಶಿಕ್ಷಕರ ಸಭೆಗೆ ಜಾಗ ಹುಡುಕುತ್ತ 1970ರಲ್ಲಿ ಮುಚ್ಚಿದ್ದ ಸ್ಟೇಟ್ ಥಿಯೇಟರಿನೊಳಗೆ ಕಾಲಿಟ್ಟರು. ಸಭೆಯ ಮಾತು ಹಿಂದೆ ಬಿತ್ತು. ಥಿಯೇಟರುಗಳನ್ನು ಉಳಿಸುವುದೇ ಅವರ ಕೆಲಸವಾಯಿತು. 1972ರಲ್ಲಿ ಸ್ಟೇಟ್ ಮತ್ತು ಒಹಾಯೊ ಎರಡನ್ನೂ ಕೆಡವಿ ಕಾರು ನಿಲ್ಲಿಸುವ ಬಯಲು ಮಾಡುವ ಸುದ್ದಿ ಬಂತು. ಆಗ ಜೂನಿಯರ್ ಲೀಗ್ ಎಂಬ ಮಹಿಳೆಯರ ಸಂಘಟನೆ 25,000 ಡಾಲರ್ ಕೊಟ್ಟಿತು. ಸ್ವಯಂಸೇವಕರು ಪೊರಕೆ, ಬಣ್ಣ ಹಿಡಿದು ಬಂದರು. ಸಭಾಂಗಣ ಹಾಳುಬಿದ್ದಿತ್ತಲ್ಲ, ಅದಕ್ಕೆ 1973ರಲ್ಲಿ ಸ್ಟೇಟ್‌ನ ಮೊಗಸಾಲೆಯಲ್ಲೇ ಕುರ್ಚಿ ಹಾಕಿ ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್ ಅವರ ಹಾಡುಗಳ ಒಂದು ಸಂಗೀತರೂಪಕ ಆಡಿಸಿದರು. ಕೆಲವು ವಾರಗಳಿಗೆಂದು ಶುರುವಾದದ್ದು ಎರಡು ವರ್ಷ ನಡೆದು 500 ಪ್ರದರ್ಶನ ದಾಟಿತು. ಕೆಡವುವ ಮಾತು ಅಲ್ಲಿಗೆ ನಿಂತಿತು. 1982ರಲ್ಲಿ ಒಹಾಯೊ, 1984ರಲ್ಲಿ ಸ್ಟೇಟ್, 1988ರಲ್ಲಿ ಪ್ಯಾಲೇಸ್ ಮತ್ತೆ ದೀಪ ಹಚ್ಚಿಕೊಂಡವು.

ಈಗ ನಮ್ಮ ಕೋರಿಕೆ. ಅಲ್ಲಿ ನಾಟಕ ನೋಡಲು ಹೋದಾಗ ಕಾರು ನಿಲ್ಲಿಸಲು ನಾವೆಲ್ಲ ಗೊಣಗುತ್ತಲೇ ದುಡ್ಡು ತೆರುತ್ತೇವೆ. ಪಾರ್ಕಿಂಗ್ ಜಾಗಕ್ಕೆ ಎರಡನ್ನು ಬಲಿಕೊಡಬೇಕಿದ್ದ ಈ ಥಿಯೇಟರುಗಳ ಬಳಗಕ್ಕೆ ಒಂದು ಸಂಜೆಯ ಪಾರ್ಕಿಂಗ್ ದುಡ್ಡನ್ನು ಪ್ರತಿ ಮನೆಯಿಂದ ಕೊಡಿ. ಅಷ್ಟೇ. ನಮ್ಮ ಗುರಿ 2,500 ಡಾಲರ್, ಅಂದು ಆ ಮಹಿಳೆಯರು ಕೊಟ್ಟದ್ದರ ಹತ್ತನೇ ಒಂದು ಪಾಲು. ಮುಟ್ಟದಿದ್ದರೆ ಸೇರಿದಷ್ಟನ್ನೇ ಕೊಡುತ್ತೇವೆ.

“ಅಷ್ಟು ದೊಡ್ಡ ಸಂಸ್ಥೆಗೆ ನಮ್ಮ ಚಿಲ್ಲರೆ ಯಾವ ಮೂಲೆಗೆ?” ಎಂದು ಪೋಷಕರ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ದುಡ್ಡಿಲ್ಲದೆ ಪ್ಯಾಲೇಸ್ ಬೀಳುವುದಿಲ್ಲ. ಆದರೆ ಈ ಥಿಯೇಟರುಗಳನ್ನು ನಡೆಸುವುದು ಲಾಭಕ್ಕೆ ದುಡಿಯದ ಸಂಸ್ಥೆ, ಊರವರ ದೇಣಿಗೆಯಿಂದ ಎದ್ದು ನಿಂತದ್ದು, ಮತ್ತು ನಾವೂ ಈಗ ಊರವರೇ. ನಮ್ಮ ಮಕ್ಕಳು ಮೊದಲ ನಾಟಕ ನೋಡಿದ್ದು ಅಲ್ಲಿ, ರವೀಂದ್ರ ಕಲಾಕ್ಷೇತ್ರದಲ್ಲಲ್ಲ. ಹಳೆಯ ಥಿಯೇಟರುಗಳಿದ್ದ ಜಾಗದಲ್ಲಿ ಮಳಿಗೆಗಳು ಎದ್ದದ್ದನ್ನು ಬೆಂಗಳೂರಿನಲ್ಲಿ ನೋಡಿಕೊಂಡು ಸುಮ್ಮನಿದ್ದವರು ನಾವು. ನಾನಂತೂ ಸುಮ್ಮನಿದ್ದೆ.

ರಾಜ್ಯೋತ್ಸವದ ದಿನ ಬಾಗಿಲ ಬಳಿ ಮಕ್ಕಳೇ ರಟ್ಟಿನಲ್ಲಿ ಮಾಡಿದ ಹುಂಡಿ ಇರುತ್ತದೆ. ಚೆಕ್ ಕೊಡುವವರು ಶಾಲೆಯ ಖಜಾಂಚಿಯವರಿಂದ ರಸೀದಿ ಪಡೆಯಿರಿ. ಐದು ದಿನ ಬಿಟ್ಟು, ನವೆಂಬರ್ 6ರಂದು, ಪ್ಯಾಲೇಸ್‌ನ ಹುಟ್ಟುಹಬ್ಬಕ್ಕೆ ಮಕ್ಕಳು ಹೋಗಿ ಹಣ ಒಪ್ಪಿಸುತ್ತಾರೆ; ಲೆಕ್ಕವನ್ನು ಮುಂದಿನ ಭಾನುವಾರ ತರಗತಿಯ ಬಾಗಿಲಿಗೆ ಅಂಟಿಸುತ್ತೇವೆ. ಹುಂಡಿ ಎಣಿಸುವವರು ಮೂರನೆಯ ತರಗತಿಯವರು, ಎಣಿಕೆ ಕನ್ನಡದಲ್ಲೇ ಆಗಬೇಕೆಂಬುದು ಷರತ್ತು. ಎಂಬತ್ತು ತೊಂಬತ್ತರ ಹತ್ತಿರ ಅವರು ಇನ್ನೂ ಎಡವುತ್ತಾರೆ. ಆದ್ದರಿಂದ ನೋಟಿನ ಜೊತೆ ನಾಣ್ಯಗಳನ್ನೂ ಧಾರಾಳವಾಗಿ ಹಾಕಿ.

— ಕನ್ನಡ ಶಾಲೆಯ ಶಿಕ್ಷಕ ಬಳಗದ ಪರವಾಗಿ