ಸೌರ ಬಿರುಗಾಳಿ ಸುದ್ದಿಗೆ ಇಷ್ಟು ಗಾಬರಿ ಯಾಕೆ?

ಸಂಪಾದಕರೇ,

ಸೂರ್ಯನಲ್ಲಿ ಒಂದು ಸ್ಫೋಟ ಆದರೆ ಸಾಕು, 'ನಾಳೆ ಭೂಮಿಗೆ ಅಪ್ಪಳಿಸಲಿದೆ ಸೌರ ಬಿರುಗಾಳಿ, ಮೊಬೈಲ್, ಇಂಟರ್ನೆಟ್ ಬಂದ್' ಅಂತ ದಪ್ಪ ಅಕ್ಷರದಲ್ಲಿ ಸುದ್ದಿ ಬರುತ್ತದೆ. ಮಾರನೇ ದಿನ ಏನೂ ಆಗಿರುವುದಿಲ್ಲ. ಈ ವಿಜ್ಞಾನಿಗಳು ಸುಮ್ನೆ ಹೆದರಿಸುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಅವರು ಹೇಳಿದ್ದರಲ್ಲಿ ಮುಖ್ಯವಾದ ಮಾತೇ ಸುದ್ದಿಯಲ್ಲಿ ಬಿಟ್ಟುಹೋಗಿರುತ್ತದೆ.

ಆ ಮಾತು ದಿಕ್ಕಿನದ್ದು. ಸೌರ ಬಿರುಗಾಳಿ ತರುವುದು ಸೂರ್ಯನಿಂದ ಚಿಮ್ಮುವ ಪ್ಲಾಸ್ಮಾ (ವಿದ್ಯುತ್ ಕಣಗಳ ಬಿಸಿ ಅನಿಲ) ಮೋಡ. ಅದು ತನ್ನದೇ ಕಾಂತಕ್ಷೇತ್ರವನ್ನೂ ಹೊತ್ತು ಬರುತ್ತದೆ. ಆ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ಭೂಮಿಯ ಕಾಂತಕ್ಷೇತ್ರ ಬಹುಪಾಲನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ದಕ್ಷಿಣಕ್ಕಿದ್ದರೆ ಎರಡೂ ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಮೋಡ ಸೂರ್ಯನನ್ನು ಬಿಟ್ಟು ಹೊರಟಾಗ ಈ ದಿಕ್ಕು ಖಚಿತವಾಗಿ ತಿಳಿಯುವುದಿಲ್ಲ. ನಮ್ಮಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ, ಎಲ್1 ಅನ್ನುವ ಜಾಗದಲ್ಲಿರುವ ನೌಕೆಗಳ ಮೇಲೆ ಮೋಡ ಹಾದುಹೋದಾಗಲೇ ಗೊತ್ತಾಗುವುದು, ಅಲ್ಲಿಂದ ಭೂಮಿಗೆ ಬರಲು ಅದಕ್ಕೆ ಸುಮಾರು ಒಂದು ಗಂಟೆ ಸಾಕು, ವೇಗ ಜಾಸ್ತಿ ಇದ್ದರೆ ಹದಿನೈದಿಪ್ಪತ್ತೇ ನಿಮಿಷ. ಹೀಗಿರುವಾಗ ಎರಡು ದಿನ ಮೊದಲೇ 'ಅಪ್ಪಳಿಸಲಿದೆ' ಅಂತ ಬರೆಯುವುದು ಹೇಗೆ? 'ಬರಬಹುದು, ಎಷ್ಟು ಜೋರು ಅಂತ ಈಗಲೇ ಹೇಳಲಾಗದು' ಅಂದರೆ ಸಾಕಲ್ವಾ?

ಇನ್ನು ಮೊಬೈಲ್ ವಿಷಯ. ಕೈಯಲ್ಲಿರುವ ಫೋನನ್ನು ಈ ಬಿರುಗಾಳಿ ಸುಡುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಬೇಗ ಬೇಗ ಏರಿಳಿದಾಗ ನೂರಾರು ಕಿ.ಮೀ. ಉದ್ದದ ತಂತಿಗಳಲ್ಲಿ ಬೇಡದ ವಿದ್ಯುತ್ ಹರಿಯುತ್ತದೆ, ಪೆಟ್ಟು ಬೀಳುವುದು ಅಲ್ಲಿಗೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಇಡೀ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 1859ರ ಸೆಪ್ಟೆಂಬರ್‌ನ ದೊಡ್ಡ ಬಿರುಗಾಳಿಯಲ್ಲಿ ಕೆಲವು ಟೆಲಿಗ್ರಾಫ್ ಕಚೇರಿಯವರು ಬ್ಯಾಟರಿ ಕಿತ್ತುಹಾಕಿ, ತಂತಿಗೆ ಹಾಗೇ ಬಂದ ವಿದ್ಯುತ್ತಿನಲ್ಲೇ ಸಂದೇಶ ಕಳಿಸಿದ್ದರು!

ನಿಮ್ಮ ವರದಿಗಳಲ್ಲಿ ಕಾಣದೇ ಇರುವುದು ಮೇಲಿನ ವಾತಾವರಣದ ಕಥೆ. ಬಿರುಗಾಳಿ ಬಂದಾಗ ನೂರು ಕಿ.ಮೀ.ಗಿಂತ ಮೇಲಿನ ತೆಳು ಗಾಳಿ ಕಾದು ಹಿಗ್ಗುತ್ತದೆ. ಕೆಳಗಿದ್ದ ಗಾಳಿ ಉಪಗ್ರಹಗಳ ದಾರಿಗೇ ಏರಿ ಅವುಗಳ ವೇಗ ತಗ್ಗಿಸುತ್ತದೆ. 2022ರ ಫೆಬ್ರವರಿ 3ರಂದು ಸ್ಪೇಸ್‌ಎಕ್ಸ್ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಸುಮಾರು 210 ಕಿ.ಮೀ. ಎತ್ತರಕ್ಕೆ ಬಿಟ್ಟಿತು. ಅಲ್ಲಿಂದ ಅವು ನಿಧಾನಕ್ಕೆ ಮೇಲೇರಬೇಕಿತ್ತು. ಆಗ ಬಂದಿದ್ದು ಸಣ್ಣ ಬಿರುಗಾಳಿ, ಯಾರೂ ಹೆಡ್‌ಲೈನ್ ಮಾಡುವಂಥದ್ದಲ್ಲ. ಗಾಳಿಯ ತಡೆ ಅರ್ಧದಷ್ಟು ಹೆಚ್ಚಿತು. ಗಾಳಿಗೆ ಸಿಗದ ಹಾಗೆ ಉಪಗ್ರಹಗಳನ್ನು ಅಡ್ಡ ಮಲಗಿಸಿ ನೋಡಿದರು, ಆದರೂ 38 ಉಪಗ್ರಹಗಳು ಮೇಲೇರಲಾಗದೆ ವಾತಾವರಣಕ್ಕೆ ಬಿದ್ದು ಉರಿದುಹೋದವು. ದೊಡ್ಡದಕ್ಕೆ ಹೆದರಿಸಿ ಸಣ್ಣದನ್ನು ಬಿಡುವ ವರದಿಗಾರಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾ?

2024ರ ಮೇ ತಿಂಗಳ ಬಿರುಗಾಳಿ ನಿಜಕ್ಕೂ ಜಿ5, ಅಂದರೆ ಬಿರುಗಾಳಿಯ ಜೋರು ಹೇಳುವ ಅಳತೆಯಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಆಗಲೂ ಪ್ರಪಂಚ ಮುಳುಗಲಿಲ್ಲ. ಜಿಪಿಎಸ್ ತಪ್ಪಿ ಅಮೆರಿಕದಲ್ಲಿ ಬಿತ್ತನೆ ಹೊತ್ತಿಗೆ ಕೆಲವು ಟ್ರ್ಯಾಕ್ಟರ್‌ಗಳು ನಿಂತವು. ಜಿ1ರಿಂದ ಜಿ5ರವರೆಗಿನ ಈ ಅಂಕಿಯನ್ನಾದರೂ ಸುದ್ದಿಯ ಮೊದಲ ಸಾಲಿನಲ್ಲೇ ಹಾಕಿ.

ಕೊನೆಗೆ ಇನ್ನೊಂದು. ಕಾಂತಕ್ಷೇತ್ರ ಹೋಗಿದ್ದಕ್ಕೇ ಮಂಗಳನ ಗಾಳಿ ಹೋಯಿತು ಅಂತ ಪ್ರತಿ ಸಲ ಒಂದು ಬಾಕ್ಸ್ ಹಾಕುತ್ತೀರಿ. ಅರ್ಧ ನಿಜ. ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹರಿದುಬರುವ ಕಣಗಳ ಹೊಳೆ, ಮಂಗಳನ ಗಾಳಿಯನ್ನು ಈಗಲೂ ಸೆಕೆಂಡಿಗೆ ಸುಮಾರು 100 ಗ್ರಾಂನಷ್ಟು ಎಳೆದೊಯ್ಯುತ್ತಿದೆ, ಬಿರುಗಾಳಿ ಬಂದಾಗ ಇನ್ನೂ ಜಾಸ್ತಿ, ಇದನ್ನು ನಾಸಾದ ಮೇವನ್ ನೌಕೆ ಅಳೆದಿದೆ. ಆದರೆ ಶುಕ್ರನಿಗೂ ಸ್ವಂತ ಕಾಂತಕ್ಷೇತ್ರ ಇಲ್ಲ, ಸೂರ್ಯನಿಗೆ ಇನ್ನೂ ಹತ್ತಿರ ಬೇರೆ, ಆದರೂ ಅದರ ನೆಲದ ಮೇಲೆ ಗಾಳಿಯ ಒತ್ತಡ ನಮ್ಮದರ ತೊಂಬತ್ತು ಪಟ್ಟು. ಮಂಗಳ ಸಣ್ಣ ಗ್ರಹ, ಅದರ ಗುರುತ್ವ ಕಡಿಮೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂದಿನ ಸಲ ಆ ಬಾಕ್ಸ್‌ನಲ್ಲಿ ಶುಕ್ರನಿಗೂ ಎರಡು ಸಾಲು ಜಾಗ ಕೊಡಿ.

– ಒಬ್ಬ ಓದುಗ