ಹಳೆ ಗಿಡ ಕೀಳುವ ಮೊದಲು

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಫೋನಿನಲ್ಲಿ ಹೇಳಿದ್ದು ಅವತ್ತಿನಿಂದ ತಲೆಯಲ್ಲೇ ಇದೆ. ನೀಲಗಿರಿಯ ನಿಮ್ಮ ಎಸ್ಟೇಟಿನಲ್ಲಿ ಬೀಜದಿಂದ ಬೆಳೆದ ಹಳೆ ಟೀ ಬ್ಲಾಕ್ ಕಿತ್ತು, ಪೂರ್ತಿ ಒಂದೇ ಕ್ಲೋನ್, ಅಂದರೆ ಒಂದೇ ತಾಯಿಗಿಡದ ಕಡ್ಡಿಯಿಂದ ಎಬ್ಬಿಸಿದ ತದ್ರೂಪಿ ಗಿಡಗಳನ್ನು ಹಾಕುತ್ತೀರಂತೆ. ಇಳುವರಿಯ ಲೆಕ್ಕವೆಲ್ಲ ಹೇಳಿದೆ. ಮಣ್ಣಿನೊಳಗಿನ ಹುಳುಗಳ ಸುದ್ದಿಯೇ ಎತ್ತಲಿಲ್ಲ.

ನಾನು ವಾಲ್ಪಾರೈನ ಟೀ ತೋಟದಲ್ಲಿ ಫೀಲ್ಡ್ ಆಫೀಸರ್ ಆಗಿದ್ದಾಗ ನಾವೂ ಇದನ್ನೇ ಮಾಡಿದೆವು. ಸೊಪ್ಪು ಜಾಸ್ತಿ ಬಂತು, ಸುಳ್ಳು ಹೇಳಲ್ಲ. ಜಾಸ್ತಿ ಕೊಡುವ ಗಿಡ ಜಾಸ್ತಿ ಕೇಳುತ್ತದೆ ಅಲ್ವಾ, ಅಮೋನಿಯಂ ಸಲ್ಫೇಟ್ ಗೊಬ್ಬರ ಸುರಿದೆವು. ಅದು ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ಟೀಗೆ ಹುಳಿ ಮಣ್ಣೇ ಬೇಕು, ಪಿಎಚ್ 4.5ರಿಂದ 5.5 ಅದಕ್ಕೆ ಹಿತ. ಅದಕ್ಕಿಂತ ಕೆಳಗಿಳಿದರೆ, ಅಂದರೆ ಹುಳಿ ಇನ್ನೂ ಏರಿದರೆ, ಎರೆಹುಳುವಿಗೆ ಕಷ್ಟ. ಸಾಲದ್ದಕ್ಕೆ ಕವಾತಿನಲ್ಲಿ, ಅಂದರೆ ಗಿಡ ಕತ್ತರಿಸುವಾಗ, ಬಿದ್ದ ಕಡ್ಡಿಯನ್ನೆಲ್ಲ ಸೌದೆಗೆ ಸಾಗಿಸಿದೆವು. ನಾಲ್ಕನೇ ಮಳೆಗಾಲಕ್ಕೆ ಗುದ್ದಲಿ ಹಾಕಿದರೆ ಕಲ್ಲಿಗೆ ಹೊಡೆದ ಹಾಗೆ. ಎರೆಹುಳುವಿನ ಹಿಕ್ಕೆ ಹುಡುಕಿದರೂ ಸಿಗಲಿಲ್ಲ.

ತಳಿಗೂ ಹುಳುವಿಗೂ ಏನು ನಂಟು ಅಂತ ಕೇಳುತ್ತೀಯ. ಟೀ ಎಲೆಯ ಒಗರು ನಮಗೆ ರುಚಿ, ಹುಳುವಿಗೆ ತೊಡಕು. ಆ ಒಗರು ಕೊಡುವ ಪಾಲಿಫಿನಾಲ್ ಅನ್ನೋ ರಾಸಾಯನಿಕ ಎಲೆಯ ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ, ಉದುರಿದ ಎಲೆ ಬೇಗ ಕೊಳೆಯುವುದಿಲ್ಲ. ಅಸ್ಸಾಂ ಜಾತಿಯ ದೊಡ್ಡ ಎಲೆಯಲ್ಲಿ ಒಗರು ಸಾಮಾನ್ಯವಾಗಿ ಜಾಸ್ತಿ, ಚೀನಾ ಜಾತಿಯ ಸಣ್ಣ ಎಲೆಯಲ್ಲಿ ಕಡಿಮೆ. ಬೀಜದ ಬ್ಲಾಕಿನಲ್ಲಿ ಒಂದು ಗಿಡದ ಹಾಗೆ ಇನ್ನೊಂದಿಲ್ಲ. ಹಾಗಾಗಿ ಕೆಳಗೆ ಬೀಳುವ ದರಗೂ ಬೆರಕೆ. ನುಸಿ, ಸಹಸ್ರಪದಿ, ಎರೆಹುಳು, ಒಂದೊಂದಕ್ಕೂ ಏನಾದರೂ ಸಿಗುತ್ತದೆ. ಬೇರೂ ಅಷ್ಟೇ. ಬೀಜದ ಗಿಡದ ತಾಯಿಬೇರು ಆಳಕ್ಕೆ ದಾರಿ ಕೊರೆಯುತ್ತದೆ, ಕಡ್ಡಿಯಿಂದ ಎಬ್ಬಿಸಿದ ಕ್ಲೋನಿಗೆ ತಾಯಿಬೇರೇ ಇಲ್ಲ.

ಹಾಗಂತ ಎಲ್ಲವನ್ನೂ ತಳಿಯ ತಲೆಗೆ ಕಟ್ಟಬೇಡ. ನನ್ನ ಕೇಳಿದರೆ ಗೊಬ್ಬರ, ನೆರಳುಗಳ ಪಾಲೇ ದೊಡ್ಡದು. ನೆರಳಿನ ಮರಗಳಲ್ಲಿ ಸಿಲ್ವರ್ ಓಕ್ ಎಲೆ ಗಡುಸು, ಹಾಲುವಾಣದ ಎಲೆ ಮೆದು, ಬೇಗ ಕೊಳೆಯುತ್ತದೆ. 1990ರ ದಶಕದಲ್ಲಿ ಮಣ್ಣಿನ ಜೀವಿಗಳ ವಿಜ್ಞಾನಿಗಳಾದ ಫ್ರಾನ್ಸಿನ ಪ್ಯಾಟ್ರಿಕ್ ಲವೆಲ್, ಒಡಿಶಾದ ಸಂಬಲ್ಪುರದ ಬಿಕ್ರಂ ಸೇನಾಪತಿ ತಮಿಳುನಾಡಿನ ಟೀ ತೋಟಗಳಲ್ಲಿ ಸಾಲುಗಳ ನಡುವೆ ಗುಂಡಿ ತೋಡಿಸಿ, ಕವಾತಿನ ಕಡ್ಡಿ, ಸಾವಯವ ಗೊಬ್ಬರ ತುಂಬಿ ಎರೆಹುಳು ಬಿಟ್ಟರು. ಇಳುವರಿ ಏರಿತು. ನಾವು ಒಲೆಗೆ ಹಾಕಿದ್ದು ಅದೇ ಕಡ್ಡಿ!

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ. ಮಳೆ ನಿಂತ ಮೇಲೆ ಹಳೆ ಬ್ಲಾಕಿನಲ್ಲೂ ಪಕ್ಕದ ಕ್ಲೋನ್ ಬ್ಲಾಕಿನಲ್ಲೂ ಐದೈದು ಕಡೆ ಅಗೆಸು. 25 ಸೆಂಟಿಮೀಟರ್ ಚೌಕ, 30 ಆಳ. ಮಣ್ಣನ್ನು ಗೋಣಿಯ ಮೇಲೆ ಹರವಿ ಕೈಯಲ್ಲೇ ಹುಳು ಆರಿಸು. ಸುಮ್ನೆ ಎಣಿಸಿದರೆ ಸಾಲದು, ಬಾಲ ಸವರಿ ನೋಡು. ತುದಿ ಬ್ರಷ್ಷಿನ ಹಾಗೆ ಒರಟಾಗಿದ್ದರೆ ಅದು ಪಾಂಟೋಸ್ಕೋಲೆಕ್ಸ್ ಇರಬಹುದು, ದಕ್ಷಿಣ ಅಮೆರಿಕದಿಂದ ಬಂದ ಹುಳು. ಬರೀ ಅದೇ ತುಂಬಿದ್ದರೆ ಹಿಗ್ಗಬೇಡ. ನಮ್ಮ ನೆಲದ ಹುಳುಗಳನ್ನು ಬೇರೆ ಎಣಿಸು.

ಆ ಲೆಕ್ಕ ಹಿಡಿದು ಮ್ಯಾನೇಜರ್ ಹತ್ತಿರ ಹೋಗು. ಒಂದರ ಬದಲು ಮೂರು ನಾಲ್ಕು ಕ್ಲೋನ್ ಬೆರೆಸೋಣ ಅನ್ನು. ಅದರಲ್ಲಿ ಉಪಾಸಿ-9 ಅನ್ನೋ ಕ್ಲೋನ್ ಒಂದಿರಲಿ, ಬರ ತಡೆಯುತ್ತದೆ. ತೊರೆಯ ಅಂಚಿನ ಬೀಜದ ಸಾಲುಗಳನ್ನಾದರೂ ಉಳಿಸಿಕೊಳ್ಳಿ. ಬೈದರೆ ಬೈಸಿಕೋ.

ಎಣಿಕೆಯ ಚೀಟಿ ನನಗೂ ಒಂದು ಕಳಿಸು. ಅಮ್ಮನಿಗೆ ಫೋನ್ ಮಾಡು, ಎರಡು ವಾರ ಆಯಿತಂತೆ.

ನಿನ್ನ ದೊಡ್ಡಪ್ಪ