ಲೇತ್ ಅಂಗಡಿಯ ಆ ಹಿರಿಯರಿಗೆ

ಅಪ್ಪ ಓಡಿಸಿದ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ, ವಾಲ್ವ್‌ಗಳಿರುವ ಜಾಗ) ಹೊತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗೆ ಬಂದಿದ್ದೆ. 948 ಸಿಸಿ ಎಂಜಿನ್. ಎಷ್ಟು ಸಲ ಟ್ಯಾಪೆಟ್, ಅಂದರೆ ವಾಲ್ವ್ ತುದಿಯ ಸಣ್ಣ ಗ್ಯಾಪ್, ಸೆಟ್ ಮಾಡಿದರೂ ಅದು ಮುಚ್ಚಿಕೊಳ್ಳುತ್ತಿತ್ತು.

ನೀವು ಕನ್ನಡಕ ಏರಿಸಿ, ಎಕ್ಸಾಸ್ಟ್ ಸೀಟಿನ (ಹೊಗೆ ಹೊರಬಿಡುವ ವಾಲ್ವ್ ಬಂದು ಕೂರುವ ಅಂಚಿನ) ಮೇಲೆ ಉಗುರು ಆಡಿಸಿ, "ಸೀಟು ಸವೆದು ಒಳಗೆ ಇಳಿದುಬಿಟ್ಟಿದೆ ಕಣಪ್ಪ, ಬರೀ ಗ್ರೈಂಡ್ ಮಾಡಿದ್ರೆ ಇನ್ನೂ ಇಳಿಯುತ್ತೆ" ಅಂದಿರಿ. ಬೀಡುಕಬ್ಬಿಣದ ಆ ಹೆಡ್ಡಿನಲ್ಲಿ ಸೀಟುಗಳನ್ನು ಅದರ ಮೈಯಲ್ಲೇ ಕೊರೆದಿರುತ್ತಾರೆ. ಪೆಟ್ರೋಲಿನ ಸೀಸವೇ ಅವುಗಳ ಸವೆತ ತಡೆಯುತ್ತಿತ್ತು. 2000ದಲ್ಲಿ ದೇಶದ ತುಂಬ ಸೀಸವಿಲ್ಲದ ಪೆಟ್ರೋಲ್ ಬಂದು ಆ ಕಾವಲು ಹೋಯಿತು. ಇದನ್ನು ನನಗೆ ಬಿಡಿಸಿ ಹೇಳಿದವರು ನೀವೊಬ್ಬರೇ.

ನಾಲ್ಕೂ ಎಕ್ಸಾಸ್ಟ್ ಸೀಟು ಕೊರೆದು, ಗಟ್ಟಿ ರಿಂಗುಗಳನ್ನು ಐಸಿನಲ್ಲಿಟ್ಟು, ಬಿಸಿ ಮಾಡಿದ ಹೆಡ್ಡಿಗೆ ಕೂರಿಸಿದಿರಿ. ವಾಲ್ವ್‌ಗಳನ್ನು ಸೀಟಿಗೆ ಉಜ್ಜಿ ಲ್ಯಾಪ್ ಮಾಡಿ, ಹೆಡ್ ಮಗುಚಿ, ಸೀಮೆಎಣ್ಣೆ ಸುರಿದು ಸೋರುತ್ತದೆಯೇ ಎಂದು ಅರ್ಧ ಗಂಟೆ ಕಾದೆವು. ವಾಲ್ವ್ ಹಿಂದಿನ ದಾರಿಯಾದ ಪೋರ್ಟಿನೊಳಗೆ ಬೆರಳು ಹಾಕಿ ತೋರಿಸಿದಿರಿ. ಒಂದು ಹನಿ ಇರಲಿಲ್ಲ. ಫೇಸಿಂಗ್‌ಗೆ, ಅಂದರೆ ಹೆಡ್ಡಿನ ತಳ ಸಮ ಮಾಡಿಸುವುದಕ್ಕೆ, ನಾನೇ ದುಡ್ಡು ತಂದಿದ್ದೆ. ಸ್ಕೇಲ್ ಇಟ್ಟು ನೋಡಿ ಬೇಡವೆಂದು ಅದನ್ನೂ ಉಳಿಸಿದಿರಿ.

ನಿನ್ನೆ ಅಮ್ಮನನ್ನು ಕೂರಿಸಿಕೊಂಡು ನಂದಿಬೆಟ್ಟ ಹತ್ತಿಸಿದೆ. ಮೇಲೆ ನಿಲ್ಲಿಸಿ, ಬಿಸಿ ಎಂಜಿನ್‌ಗೆ ಮತ್ತೆ ಸೆಲ್ಫ್ ಹೊಡೆದೆ, ಒಂದೇ ಸಲಕ್ಕೆ ಎದ್ದಿತು. ಅಮ್ಮ ಡ್ಯಾಶ್‌ಬೋರ್ಡ್ ಸವರಿದರು. ಹೆಸರು ಕೇಳದೆ ಬಂದುಬಿಟ್ಟೆ, ಸ್ವಾಮಿ. ನಿಮಗೆ ಮನಸಾರೆ ನಮಸ್ಕಾರ.